ಬಿಯರ್ ಮಬ್ಬಾಗಿದೆ ಅಂತ ಚೆಲ್ಲಬೇಡಿ

ಹೊಸ ದೇಶಕ್ಕೆ ಬಂದು ಈಗಷ್ಟೇ ಮನೆ ಹಿಡಿದಿದ್ದೀರಿ, ಮೊದಲ ಸಲ 20 ಲೀಟರ್ ಬಿಯರ್ ಮಾಡಿದ್ದೀರಿ, ಬಾಟಲಿ ತೆರೆದರೆ ಮಬ್ಬು. ಕುಡಿಯಬಹುದಾ, ಮನೆಯಲ್ಲಿ ಮಾಡೋದಕ್ಕೆ ಕಾನೂನಿನ ತಕರಾರು ಇದೆಯಾ ಅಂತ ಕೇಳಿದ್ದೀರಿ. ಎಷ್ಟೋ ದೇಶಗಳಲ್ಲಿ ಸ್ವಂತಕ್ಕೆ ಮಾಡಿಕೊಳ್ಳಬಹುದು, ಲೈಸೆನ್ಸ್ ಇಲ್ಲದೆ ಮಾರುವಂತಿಲ್ಲ. ನೀವಿರುವ ಕಡೆಯ ನಿಯಮವನ್ನೂ ಬಾಡಿಗೆ ಕರಾರನ್ನೂ ಒಮ್ಮೆ ಓದಿಕೊಳ್ಳಿ.

ಇನ್ನು ಮಬ್ಬಿನ ವಿಷಯ. ಫ್ರಿಜ್‌ನಿಂದ ಒಂದು ಗ್ಲಾಸ್ ಬಗ್ಗಿಸಿ, 20 ಡಿಗ್ರಿಗೆ ಬರುವವರೆಗೆ ಹೊರಗಿಡಿ. ತಿಳಿಯಾಯಿತಾ? ಹಾಗಾದರೆ ಅದು ತಂಪಿಗೆ ಬರುವ ಮಬ್ಬು. ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಕಾಳು) ಪ್ರೋಟೀನ್, ಕಾಳಿನ ಸಿಪ್ಪೆಯಲ್ಲೂ ಹಾಪ್ಸ್‌ನಲ್ಲೂ (ಬಿಯರ್‌ಗೆ ಕಹಿ ಕೊಡುವ ಹೂ) ಇರುವ ಪಾಲಿಫಿನಾಲ್ ಎಂಬ ಒಗರು ಅಂಶದ ಜೊತೆ ಚಳಿಯಲ್ಲಿ ಅಂಟಿಕೊಳ್ಳುತ್ತದೆ, ಬೆಚ್ಚಗಾದರೆ ಬಿಡುತ್ತದೆ. ಧೈರ್ಯವಾಗಿ ಕುಡಿಯಿರಿ. ಮುಂದಿನ ಸಲ ಕುದಿ ಮುಗಿಯಲು 15 ನಿಮಿಷ ಇರುವಾಗ ಒಂದು ಟೀ ಚಮಚ ಐರಿಶ್ ಮಾಸ್ (ಒಣಗಿಸಿದ ಕಡಲಪಾಚಿ) ಹಾಕಿ. ಒಲೆ ಆರಿಸಿದ ಮೇಲೆ ಪಾತ್ರೆಯನ್ನು ಐಸ್ ನೀರಿನಲ್ಲಿಟ್ಟು ಅರ್ಧ ಗಂಟೆಯೊಳಗೆ ಆರಿಸಿ. ನಿಧಾನವಾಗಿ ಆರಿದರೆ ಪ್ರೋಟೀನ್ ಸರಿಯಾಗಿ ಗಂಟುಕಟ್ಟಿ ತಳ ಸೇರುವುದಿಲ್ಲ.

ಬೆಚ್ಚಗಾದರೂ ಮಬ್ಬು ಹೋಗಲಿಲ್ಲ ಅಂದರೆ ಹೆಚ್ಚಾಗಿ ಯೀಸ್ಟ್. ಬಾಟಲಿಗಳನ್ನು ಮಲಗಿಸದೆ ಒಂದು ವಾರ ಫ್ರಿಜ್‌ನಲ್ಲಿ ನೆಟ್ಟಗೆ ನಿಲ್ಲಿಸಿ. ತಳದಲ್ಲಿ ಕೆನೆಬಣ್ಣದ ಮಡ್ಡಿ ಕೂರುತ್ತದೆ. ನಿಲ್ಲಿಸಿ ನಿಲ್ಲಿಸಿ ಬಗ್ಗಿಸಿದರೆ ಅದು ಮತ್ತೆ ಕದಡುತ್ತದೆ, ಆದ್ದರಿಂದ ಒಂದೇ ಓಟಕ್ಕೆ ಬಗ್ಗಿಸಿ, ಕೊನೆಯ ಒಂದು ಬೆರಳಿನಷ್ಟು ಬಾಟಲಿಯಲ್ಲೇ ಬಿಡಿ. ಬಿಯರ್ ಇನ್ನೂ ಫರ್ಮೆಂಟರ್‌ನಲ್ಲೇ (ಹುದುಗು ಬರಿಸುವ ಪಾತ್ರೆ) ಇದ್ದರೆ, ಉಳಿದ ಸಕ್ಕರೆ ಎಷ್ಟೆಂದು ತೋರಿಸುವ ಹೈಡ್ರೋಮೀಟರ್ 3 ದಿನ ಒಂದೇ ಅಂಕ ತೋರಿಸಲಿ, ಆಮೇಲೆ 1–2 ಡಿಗ್ರಿಯಲ್ಲಿ 3 ದಿನ ಇಡಿ. ಅವಸರವಿದ್ದರೆ ಅರ್ಧ ಟೀ ಚಮಚ ಜೆಲಟಿನ್ ಅನ್ನು 150 ಮಿ.ಲೀ. ನೀರಿನಲ್ಲಿ 65–70 ಡಿಗ್ರಿಗೆ ಬಿಸಿ ಮಾಡಿ ಕರಗಿಸಿ, ತಣ್ಣಗಾದ ಬಿಯರ್‌ಗೆ ಸುರಿಯಿರಿ. ಕುದಿಸಿದರೆ ಅದರ ಶಕ್ತಿ ಹೋಗುತ್ತದೆ. ಜೆಲಟಿನ್ ಪ್ರಾಣಿಜನ್ಯ, ಸಸ್ಯಾಹಾರಿಗಳಾದರೆ ತಂಪಲ್ಲಿಟ್ಟು ಕಾಯುವುದೇ ಸಾಕು. ಗೋಧಿ ಅಥವಾ ಓಟ್ಸ್ ಜಾಸ್ತಿ ಹಾಕಿದ್ದರೆ ಮಬ್ಬು ಆ ಬಿಯರ್‌ನ ಗುಣವೇ, ಬಿಟ್ಟುಬಿಡಿ.

ಕಾಳಿನಿಂದಲೇ ಶುರು ಮಾಡಿದ್ದರೆ ಪಿಷ್ಟ ಉಳಿದಿರಲೂಬಹುದು. ಮುಂದಿನ ಸಲ 65–68 ಡಿಗ್ರಿಯಲ್ಲಿ ಒಂದು ಗಂಟೆ ನೆನೆಸಿದ ಮೇಲೆ, ಒಂದು ಚಮಚ ರಸವನ್ನು ಬಿಳಿ ತಟ್ಟೆಗೆ ಹಾಕಿ ಒಂದು ಹನಿ ಅಯೋಡಿನ್ ಬಿಡಿ. ಕಡುನೀಲಿಗೆ ತಿರುಗಿದರೆ ಇನ್ನೂ ಹೊತ್ತು ಬೇಕು. ಆ ರಸ ಚೆಲ್ಲಿ, ಪಾತ್ರೆಗೆ ವಾಪಸ್ ಹಾಕಬೇಡಿ.

ಭಯಪಡಬೇಕಾದದ್ದು ಒಂದಕ್ಕೇ, ಬೇರೆ ಸೂಕ್ಷ್ಮಜೀವಿ ಸೇರಿ ಕೆಡುವುದಕ್ಕೆ. ಅದರ ಗುರುತು: ಮೇಲೆ ಪೊರೆ, ವಿನೆಗರ್ ವಾಸನೆ, ಮುಚ್ಚಳ ತೆಗೆದ ಕೂಡಲೇ ನೊರೆ ಉಕ್ಕುವುದು. ಅಂಥ ಬಾಟಲಿ ಸಿಡಿಯಬಹುದು. ತಣ್ಣಗೆ ಮಾಡಿ, ದಪ್ಪ ಬಟ್ಟೆ ಸುತ್ತಿ ತೆರೆದು ಚೆಲ್ಲಿ. ಫರ್ಮೆಂಟರ್‌ನ ನಲ್ಲಿ ಬಿಚ್ಚಿ ತೊಳೆಯಿರಿ, ಪ್ಲಾಸ್ಟಿಕ್ ಪೈಪ್ ಹೊಸದು ಹಾಕಿ. ಕೊಳೆ ಕೂರುವುದು ಅಲ್ಲೇ.