ಭಯೋತ್ಪಾದನೆಗೆ ಬೆಂಬಲ ಕೊಡೋ ದೇಶಗಳ ಪಟ್ಟಿಗೆ ಯಾರನ್ನ ಸೇರಿಸ್ಬೇಕು ಅಂತ ಅಮೆರಿಕ ಹೇಗೆ ಡಿಸೈಡ್ ಮಾಡುತ್ತೆ?

ಸಾಕ್ಷಿ ನೋಡ್ತಾರೆ, ಆದ್ರೆ ಆ ಟೈಮಲ್ಲಿ ಆ ದೇಶದಿಂದ ಏನ್ ಕೆಲಸ ಆಗ್ಬೇಕು ಅನ್ನೋದೇ ಎಷ್ಟೋ ಸಲ ಮುಖ್ಯ ಆಗುತ್ತೆ. ಯಾಕಂದ್ರೆ ಇದು ಕೋರ್ಟ್ ತೀರ್ಪಲ್ಲ, ಹೆಸರು ಸೇರಿಸೋದು ಅಲ್ಲಿನ ವಿದೇಶಾಂಗ ಸಚಿವರ ಅಧಿಕಾರ, ಸೇರಿದ್ರೆ ನೆರವು, ಶಸ್ತ್ರಾಸ್ತ್ರ ಮಾರಾಟ ಎಲ್ಲದಕ್ಕೂ ನಿರ್ಬಂಧ, ಹಾಗಾಗಿ ಚೌಕಾಸಿಗೆ ಒಳ್ಳೆ ಅಸ್ತ್ರ. ಇರಾಕ್ ನೋಡಿ, ಇರಾನ್ ಜೊತೆ ಯುದ್ಧದಲ್ಲಿ ಅದು ಸೋಲಬಾರ್ದು ಅಂತ 1982ರಲ್ಲಿ ಲಿಸ್ಟಿಂದ ತೆಗೆದ್ರು, 1990ರಲ್ಲಿ ಕುವೈತ್‌ಗೆ ನುಗ್ಗಿದ್ಮೇಲೆ ಮತ್ತೆ ಹಾಕಿದ್ರು, ಎರಡೂ ಸಲ ಅಧಿಕಾರದಲ್ಲಿ ಇದ್ದಿದ್ದು ಅದೇ ಸದ್ದಾಂ. ಕ್ಯೂಬಾನ ತೆಗೀತೀವಿ ಅಂತ 2025ರ ಜನವರಿ 14ಕ್ಕೆ ಬೈಡನ್ ಸರ್ಕಾರ ಹೇಳ್ತು, 20ಕ್ಕೆ ಟ್ರಂಪ್ ಬಂದು ಅದನ್ನ ರದ್ದು ಮಾಡಿದ್ರು, ಆ ಆರು ದಿನದಲ್ಲಿ ಭಯೋತ್ಪಾದನೆ ವಿಚಾರದಲ್ಲಿ ಕ್ಯೂಬಾ ಹೊಸದಾಗಿ ಏನೂ ಮಾಡಿರ್ಲಿಲ್ಲ. ಪಾಕಿಸ್ತಾನದ ಅಬೋಟಾಬಾದಲ್ಲೇ ಒಸಾಮಾ ಸಿಕ್ಕಿದ್ರೂ ಅದರ ಹೆಸರು ಪಟ್ಟಿಗೆ ಬರ್ಲಿಲ್ಲ, ಅಫ್ಘಾನಿಸ್ತಾನದಲ್ಲಿದ್ದ ಅಮೆರಿಕದ ಸೇನೆಗೆ ಕರಾಚಿ ಬಂದರಿನ ದಾರಿ ಬೇಕಿತ್ತಲ್ಲ.