‘ಆರಾಮ್ ಅದೀನ್ರಿ ಸರ್’ ಎಂದು ಸಹಿ ಹಾಕಿದ್ದಕ್ಕೆ ಹೋದ ಒಂದು ವರ್ಷ

ಹಳ್ಳಿಯಿಂದ ಬಂದು ಕೊಪ್ಪಳದಲ್ಲಿ ಎಂ.ಎ. ಸೇರಿದ್ದೀರಿ, ತರಗತಿಯಲ್ಲಿ ಯಾರೂ ತಮ್ಮವರೆನಿಸುತ್ತಿಲ್ಲ, ಸ್ವಲ್ಪ ಹೊಂದಿಕೊಂಡು ಧೈರ್ಯ ಬಂದ ಮೇಲೆ ಮಾರ್ಗದರ್ಶಕ ಅಧ್ಯಾಪಕರ ಬಳಿಗೂ ಪಾಠದಲ್ಲಿ ಹಿಂದೆ ಬಿದ್ದವರಿಗೆ ಬೇರೆಯಾಗಿ ಹೇಳಿಕೊಡುವ ಪರಿಹಾರ ಬೋಧನೆಯ ತರಗತಿಗೂ ಹೋದರಾಯಿತೇ ಎಂದು ಕೇಳಿದ್ದೀರಿ. ಹಾಗೆ ಕಾದು ಕೆಟ್ಟವನು ನಾನು.

2014ರಲ್ಲಿ ಸಿರುಗುಪ್ಪ ತಾಲ್ಲೂಕಿನಿಂದ ಬಳ್ಳಾರಿಗೆ ಅರ್ಥಶಾಸ್ತ್ರ ಓದಲು ಬಂದೆ. ಬಿ.ಎ.ಯನ್ನು ಪೂರ್ತಿ ಕನ್ನಡ ಮಾಧ್ಯಮದಲ್ಲಿ ಮುಗಿಸಿದ್ದ ನನಗೆ ಮೊದಲ ಸೆಮಿಸ್ಟರಿನಲ್ಲೇ ಸಂಖ್ಯಾಶಾಸ್ತ್ರದ ಪತ್ರಿಕೆ ಇಂಗ್ಲಿಷಿನಲ್ಲಿ ಎದುರಾಯಿತು. ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಸೀಟು ಕೊಡಿಸುತ್ತದೆ. ಆ ಸೀಟಿನಲ್ಲಿ ಕುಳಿತ ಮೇಲೆ ಪಾಠ ತಿಳಿಸುವ ಕೆಲಸ ಸಂವಿಧಾನದ್ದಲ್ಲ.

ವಿಭಾಗದಲ್ಲಿ ಹದಿನೈದು ವಿದ್ಯಾರ್ಥಿಗಳಿಗೆ ಒಬ್ಬರಂತೆ ಮಾರ್ಗದರ್ಶಕರಿದ್ದರು. ಶುಕ್ರವಾರ ಮಧ್ಯಾಹ್ನ ನಮ್ಮನ್ನು ಕರೆದು, ‘ಹೆಂಗ ಅದೀರಿ, ಏನರ ತೊಂದರೆ ಐತೇನು?’ ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ನಾನು ‘ಆರಾಮ್ ಅದೀನ್ರಿ ಸರ್’ ಎನ್ನುತ್ತಿದ್ದೆ. ನಮ್ಮಲ್ಲಿ ಜ್ವರ ಬಂದು ಮಲಗಿದವನೂ ಹಾಗೆಯೇ ಹೇಳುತ್ತಾನೆ, ಏಕೆಂದರೆ ಅದು ಉತ್ತರವಲ್ಲ, ಮರ್ಯಾದೆ. ಆದರೆ ಅವರು ಅದನ್ನು ಉತ್ತರವೆಂದೇ ತಿಳಿದು ರಿಜಿಸ್ಟರಿನಲ್ಲಿ ‘ತೊಂದರೆ ಇಲ್ಲ’ ಎಂದು ಬರೆದರು, ನಾನು ಅದರ ಮುಂದೆ ಸಹಿ ಹಾಕಿದೆ. ತಪ್ಪು ನಡೆದದ್ದು ಅಲ್ಲಿಯೇ, ಆ ಸಹಿಯಲ್ಲಿ. ಪಾಠ ತಿಳಿಯದಿದ್ದದ್ದು ತಪ್ಪಲ್ಲ, ಇಂಗ್ಲಿಷ್ ಬಾರದಿದ್ದದ್ದೂ ತಪ್ಪಲ್ಲ. ಪರಿಹಾರ ಬೋಧನೆಗೆ ಹೆಸರುಗಳನ್ನು ಆರಿಸುತ್ತಿದ್ದದ್ದು ಅದೇ ರಿಜಿಸ್ಟರಿನಿಂದ. ಪಟ್ಟಿಯಲ್ಲಿ ನನ್ನ ಹೆಸರಿಲ್ಲದ್ದನ್ನು ಕಂಡು ನಾನು ಸಂತೋಷವನ್ನೇ ಪಟ್ಟೆ. ಹಾಸ್ಟೆಲಿನಲ್ಲಿ ಅದಕ್ಕೆ ‘ದಡ್ಡರ ಕ್ಲಾಸು’ ಎಂಬ ಹೆಸರಿತ್ತು. ನಾನೇ ಹೋಗಿ ‘ನನ್ನ ಹೆಸರು ಸೇರಿಸಿ’ ಎಂದಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ, ಆದರೆ ಹಾಗೆ ಕೇಳಿದರೆ ಹಿಂದೆ ಹಾಕಿದ ಸಹಿಗಳೆಲ್ಲ ಸುಳ್ಳಾಗುತ್ತಿದ್ದವು.

80ಕ್ಕೆ 19 ಅಂಕ ಬಂದವು. ಆ ಪತ್ರಿಕೆಯನ್ನು ಮತ್ತೆ ಬರೆಯಲು ಮುಂದಿನ ವರ್ಷದವರ ಪರೀಕ್ಷೆಯವರೆಗೆ ಕಾಯಬೇಕಾಯಿತು, ಆಗಲೂ ಫೇಲಾದೆ. ಜೊತೆಯವರು 2016ರಲ್ಲಿ ಪದವಿ ಪಡೆದು ಬಿ.ಎಡ್.ಗೆ ಅರ್ಜಿ ಹಾಕುತ್ತಿದ್ದಾಗ ನಾನು ಕಿರಿಯರ ನಡುವೆ, ಅದೇ ದಡ್ಡರ ಕ್ಲಾಸಿನಲ್ಲಿ ಕುಳಿತಿದ್ದೆ. ಎರಡನೆಯ ದಿನವೇ ಗೊತ್ತಾದ ಸಂಗತಿಯೆಂದರೆ, ಎರಡು ವರ್ಷ ನನ್ನನ್ನು ಹೆದರಿಸಿದ ‘ಸ್ಟ್ಯಾಂಡರ್ಡ್ ಡೀವಿಯೇಷನ್’ ನಾನು ಬಿ.ಎ.ಯಲ್ಲಿ ಲೆಕ್ಕ ಮಾಡಿದ್ದ ಮಾನಕ ವಿಚಲನೆಯೇ ಆಗಿತ್ತು! ಅಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ನಾಲ್ವರು ಮುಂದೆ ನನ್ನ ತಂಗಿಯ ಮದುವೆಯಲ್ಲಿ ಊಟ ಬಡಿಸಿದರು. ಹಾಸ್ಟೆಲಿನಲ್ಲಿ ಎರಡು ವರ್ಷ ಒಂದೇ ಕೋಣೆಯಲ್ಲಿದ್ದವರ ಫೋನ್ ನಂಬರ್ ಈಗ ನನ್ನಲ್ಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಕ್ರಮವೇ ತಲೆಕೆಳಗಾಗಿದೆ ಎನ್ನುತ್ತೇನೆ. ಹೊಂದಿಕೊಂಡ ಮೇಲೆ ಅಲ್ಲಿಗೆ ಹೋಗುವುದಲ್ಲ, ಅಲ್ಲಿಗೆ ಹೋಗಿಯೇ ಹೊಂದಿಕೊಳ್ಳುವುದು. ಧೈರ್ಯವಿದ್ದವರಷ್ಟೇ ಬರಲಿ ಎಂದು ಬಿಡುವ ವ್ಯವಸ್ಥೆಯನ್ನೂ ನಾನು ಒಪ್ಪುವುದಿಲ್ಲ. ನ್ಯೂಯಾರ್ಕ್ ನಗರದ ಸಾರ್ವಜನಿಕ ವಿಶ್ವವಿದ್ಯಾಲಯವು 2007ರಲ್ಲಿ ಆರಂಭಿಸಿದ ‘ಎಎಸ್‌ಎಪಿ’ ಎಂಬ ಕಾರ್ಯಕ್ರಮವು ವಿದ್ಯಾರ್ಥಿಗಳು ಸಲಹೆಗಾರರನ್ನು ಆಗಾಗ ಕಾಣಲೇಬೇಕೆಂದು ವಿಧಿಸಿ, ಜೊತೆಗೆ ಪ್ರಯಾಣದ ಪಾಸು ಮತ್ತು ಪಠ್ಯಪುಸ್ತಕಗಳ ನೆರವನ್ನೂ ಕೊಟ್ಟಿತು. ಪರಿಹಾರ ಬೋಧನೆ ಬೇಕಿದ್ದ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದ ಅಧ್ಯಯನದಲ್ಲಿ, ಮೂರು ವರ್ಷದೊಳಗೆ ಪದವಿ ಪಡೆದವರು ಕಾರ್ಯಕ್ರಮದ ಹೊರಗೆ ಶೇ. 22, ಒಳಗೆ ಶೇ. 40. ನಮ್ಮಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಲ್ಲಿ ಹೊಸ ವಿದ್ಯಾರ್ಥಿಗಳಿಗಾಗಿ ‘ದೀಕ್ಷಾರಂಭ’ ಎಂಬ ಪರಿಚಯ ಕಾರ್ಯಕ್ರಮದ ಮಾರ್ಗದರ್ಶಿಯನ್ನು ಹೊರಡಿಸಿತು. ನಾನು ಕಂಡಂತೆ ಅದು ಎಷ್ಟೋ ಕಡೆ ಹೂಗುಚ್ಛ, ಭಾಷಣ ಮತ್ತು ಉಪ್ಪಿಟ್ಟಿನಲ್ಲಿ ಮುಗಿದುಹೋಗುತ್ತದೆ.

ಈ ವಾರವೇ ಹೋಗಿ. ‘ಕಷ್ಟವಾಗುತ್ತಿದೆ’ ಎನ್ನಬೇಡಿ, ಏಕೆಂದರೆ ಅದಕ್ಕೆ ‘ಚೆನ್ನಾಗಿ ಓದಪ್ಪ’ ಎಂಬ ಉತ್ತರವಷ್ಟೇ ಸಿಗುತ್ತದೆ. ತಿಳಿಯದ ಪುಟವನ್ನೇ ತೆರೆದು ತೋರಿಸಿ. ಈಗ ಅತಿಥಿ ಉಪನ್ಯಾಸಕನಾಗಿರುವ ನನ್ನ ಕೈಗೂ ಅಂಥದೇ ರಿಜಿಸ್ಟರ್ ಬಂದಿದೆ. ಮಕ್ಕಳು ‘ಆರಾಮ್ ಅದೀನ್ರಿ ಸರ್’ ಎಂದಾಗ ನಾನು ಪೆನ್ನು ಎತ್ತುವುದಿಲ್ಲ, ನೋಟ್‌ಬುಕ್ ತೆಗೆಯಲು ಹೇಳುತ್ತೇನೆ.