ಮಾವನ ಎಡಗೈಗೆ ಒಗ್ಗುವ ರಿಮೋಟ್

ಪ್ರಶ್ನೆ: ನನ್ನ ಮಾವನವರಿಗೆ 78 ವರ್ಷ. ಪಾರ್ಶ್ವವಾಯು ಆದ ಮೇಲೆ ಬಲಗೈಯಲ್ಲಿ ಬಲ ಇಲ್ಲ. ಹಾರ್ಡ್‌ಡಿಸ್ಕಿನಲ್ಲಿರುವ ಹಳೆಯ ಯಕ್ಷಗಾನದ ವಿಡಿಯೊಗಳೇ ಈಗ ಅವರಿಗೆ ಸಮಾಧಾನ. ಮಗ ಬೆಂಗಳೂರಿಗೆ ಹೋಗುವ ಮೊದಲು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ, ವಿಡಿಯೊ ಓಡಿಸುವ ಕೋಡಿ ಎಂಬ ತಂತ್ರಾಂಶ ಹಾಕಿಕೊಟ್ಟಿದ್ದಾನೆ. ಟಿವಿ ರಿಮೋಟಿನಿಂದ ನಾನು ನಡೆಸುತ್ತೇನೆ, ಮಾವನವರಿಗೆ ಆ ಸಣ್ಣ ಗುಂಡಿ ಒತ್ತಲಿಕ್ಕೆ ಆಗುವುದಿಲ್ಲ. ಮಗನ ಹಳೆಯ ವಯರಿನ ಗೇಮ್ ಕಂಟ್ರೋಲರ್ ಸಿಕ್ಕಿಸಿ ನೋಡಿದೆ, ಏನೂ ಆಗಲಿಲ್ಲ. ಅದರಿಂದ ಕೋಡಿ ನಡೆಸಬಹುದಾ? ಇಡೀ ರಾತ್ರಿಯ ಯಕ್ಷಗಾನದ ಆಟದಲ್ಲಿ ಬೇಕಾದ ಜಾಗಕ್ಕೆ ಹೋಗುವುದು ಹೇಗೆ?
– ಓದುಗರೊಬ್ಬರು, ಕುಂಜಿಬೆಟ್ಟು, ಉಡುಪಿ

ಉತ್ತರ: ಖಂಡಿತ ನಡೆಸಬಹುದು. ಕೋಡಿ ಶುರುವಾದದ್ದೇ 2002ರಲ್ಲಿ, ಎಕ್ಸ್‌ಬಾಕ್ಸ್ ಎಂಬ ಗೇಮಿನ ಪೆಟ್ಟಿಗೆಯಲ್ಲಿ ಸಿನಿಮಾ, ಹಾಡು ನೋಡಲಿಕ್ಕೆ. ಅದರ ಹೆಸರು ಕೋಡಿ ಎಂದಾದದ್ದು 2014ರಲ್ಲಿ. ಆ ಮೊದಲ ಬಳಕೆದಾರರ ಕೈಯಲ್ಲಿದ್ದದ್ದು ಗೇಮ್ ಕಂಟ್ರೋಲರೇ. ಹಾಗಾಗಿ ಮೇಲೆ, ಕೆಳಗೆ, ಆಯ್ಕೆ, ಹಿಂದೆ ಎಂಬ ನಾಲ್ಕೈದು ಗುಂಡಿಗಳಲ್ಲಿ ಇಡೀ ಪರದೆ ಸುತ್ತಿ ಬರಲು ಇಂದಿಗೂ ಅದರಲ್ಲಿ ಅನುಕೂಲವಿದೆ.

ನಿಮ್ಮ ಕಂಟ್ರೋಲರ್ ಮಾತಾಡದೆ ಇರಲು ಹೆಚ್ಚಾಗಿ ಎರಡು ಕಾರಣ. 'ಜಾಯ್‌ಸ್ಟಿಕ್ ಸಪೋರ್ಟ್' ಎಂಬ, ಕೋಡಿಗೆ ಹೆಚ್ಚುವರಿಯಾಗಿ ಸೇರಿಸುವ ಆಡ್‌ಆನ್ ಇಲ್ಲದಿದ್ದರೆ ಈಗಿನ ಕೋಡಿಗೆ ಕಂಟ್ರೋಲರ್ ಕಾಣುವುದೇ ಇಲ್ಲ. ಅದು ಇದೆಯೇ, ಚಾಲೂ ಇದೆಯೇ ಎಂದು ಆಡ್‌ಆನ್‌ಗಳ ಪಟ್ಟಿಯಲ್ಲಿ ನೋಡಿ. ಇಲ್ಲವಾದರೆ ಹಾಕಿಕೊಡಲು ಮಗನಿಗೆ ಹೇಳಿ. ಅದಿದ್ದೂ ಕೆಲಸ ಮಾಡದಿದ್ದರೆ, ಯಾವ ಗುಂಡಿ ಯಾವುದು ಎಂದು ಕೋಡಿಗೆ ಇನ್ನೂ ಗೊತ್ತಿಲ್ಲ. ಕಂಟ್ರೋಲರಿನ ಬೆನ್ನಿನಲ್ಲಿ ಎಕ್ಸ್, ಡಿ ಎಂದು ಬರೆದ ಸಣ್ಣ ಸ್ವಿಚ್ ಇದ್ದರೆ ಅದನ್ನೂ ಆಚೆಗೆ ಸರಿಸಿ ನೋಡಿ.

ಗುಂಡಿ ಕಲಿಸುವುದು ಹೀಗೆ: ಟಿವಿ ರಿಮೋಟಿನಿಂದಲೇ ಸೆಟ್ಟಿಂಗ್ಸ್, ಅಲ್ಲಿಂದ ಸಿಸ್ಟಮ್, ಅದರೊಳಗೆ ಇನ್‌ಪುಟ್. ಅಲ್ಲಿ ಜೋಡಿಸಿದ ಕಂಟ್ರೋಲರ್‌ಗಳನ್ನು ಕಾನ್ಫಿಗರ್ ಮಾಡುವ ಸಾಲು ಇದೆ. ಒತ್ತಿದರೆ ಕಂಟ್ರೋಲರಿನ ಚಿತ್ರ ಬಂದು, 'ಎ ಒತ್ತಿ', 'ಬಿ ಒತ್ತಿ' ಎಂದು ಒಂದೊಂದಾಗಿ ಕೇಳುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಿ. ನಿಮ್ಮ ಮಾವನವರಿಗೆ ಬೇಕಾದ ಉಪಾಯ ಇಲ್ಲೇ ಇದೆ. ಸಾಮಾನ್ಯವಾಗಿ ಎ ಎಂದರೆ ಆಯ್ಕೆ, ಬಿ ಎಂದರೆ ಹಿಂದೆ. ಕಂಟ್ರೋಲರಿನಲ್ಲಿ ಇವೆರಡೂ ಬಲಗಡೆ ಇರುತ್ತವೆ, ಅಂದರೆ ಬಲವಿಲ್ಲದ ಕೈಯ ಪಾಲಿಗೆ. ಆದರೆ 'ಎ ಒತ್ತಿ' ಎಂದಾಗ ನಿಜವಾದ ಎ ಗುಂಡಿಯನ್ನೇ ಒತ್ತಬೇಕೆಂಬ ಕಡ್ಡಾಯ ಇಲ್ಲ. ನೀವು ಒತ್ತಿದ್ದೇ ಅದಕ್ಕೆ ಎ. ಎಡಗಡೆ ನೆತ್ತಿಯ ಮೇಲೆ, ತೋರುಬೆರಳು ಕೂರುವಲ್ಲಿ ಎರಡು ಗುಂಡಿಗಳಿವೆಯಲ್ಲ, ಎ ಕೇಳಿದಾಗ ಮೇಲಿನದನ್ನು ಒತ್ತಿ, ಬಿ ಕೇಳಿದಾಗ ಕೆಳಗಿನದನ್ನು. ದಿಕ್ಕಿನ ಗುಂಡಿಗಳು ಹೇಗೂ ಎಡ ಹೆಬ್ಬೆರಳಿನ ಕೆಳಗೇ ಇವೆ. ಕೇಳಿದ್ದನ್ನೆಲ್ಲ ಕಲಿಸಬೇಕಾಗಿಯೂ ಇಲ್ಲ. ಬಲಗಡೆಯವನ್ನು ಹಾಗೇ ಬಿಟ್ಟುಬಿಡಿ, ಕೈ ತಾಗಿದರೂ ಏನೂ ಆಗಬಾರದು. ಕಾಪುವಿನಲ್ಲಿರುವ ನನ್ನ ದೊಡ್ಡಮ್ಮನಿಗೆ ಬೆರಳಿನ ಗಂಟು ನೋವು. ಅವರಿಗೆ ಹೀಗೆಯೇ ಮಾಡಿಕೊಟ್ಟಿದ್ದೇನೆ. ಊಟದ ತಟ್ಟೆಯಷ್ಟು ಅಗಲದ ಟ್ರೇಯ ಮೇಲೆ ದಪ್ಪ ಬೈರಾಸು ಹಾಸಿ ಕಂಟ್ರೋಲರನ್ನು ಅದರ ಮೇಲೆ ಇಟ್ಟುಕೊಳ್ಳುತ್ತಾರೆ. ಜಾರುವುದಿಲ್ಲ, ಎತ್ತಿ ಹಿಡಿಯುವ ಕಷ್ಟವೂ ಇಲ್ಲ.

ಇನ್ನು ಆಟದೊಳಗೆ ಓಡಾಡುವ ವಿಷಯ. ವಿಡಿಯೊ ಓಡುತ್ತಿರುವಾಗ ಬಲದ ದಿಕ್ಕನ್ನು ಒಮ್ಮೆ ಒತ್ತಿದರೆ 10 ಸೆಕೆಂಡ್ ಮುಂದೆ. ಬಿಡದೆ ಮತ್ತೆ ಮತ್ತೆ ಒತ್ತಿದರೆ 30 ಸೆಕೆಂಡ್, 1 ನಿಮಿಷ, 3, 5, ಕೊನೆಗೆ 10 ನಿಮಿಷ ಎಂದು ಹೆಜ್ಜೆ ದೊಡ್ಡದಾಗುತ್ತದೆ. ಎಡದ ದಿಕ್ಕು ಹೀಗೆಯೇ ಹಿಂದಕ್ಕೆ ಒಯ್ಯುತ್ತದೆ. ರಾತ್ರಿಯಿಡೀ ನಡೆದ ಪ್ರಸಂಗಕ್ಕೆ 10 ಸೆಕೆಂಡಿನ ಹೆಜ್ಜೆಯಿಂದ ಏನು ಪ್ರಯೋಜನ? ಸೆಟ್ಟಿಂಗ್ಸ್ ಪರದೆಯ ಎಡ ಮೂಲೆಯ ಕೆಳಗೆ ಹಂತವನ್ನು 'ಎಕ್ಸ್‌ಪರ್ಟ್' ಮಾಡಿ, ಪ್ಲೇಯರ್, ವಿಡಿಯೋಸ್ ಎಂದು ಹೋದರೆ 'ಸ್ಕಿಪ್ ಸ್ಟೆಪ್ಸ್' ಸಿಗುತ್ತದೆ. ಸಣ್ಣ ಹೆಜ್ಜೆಗಳನ್ನು ತೆಗೆದುಹಾಕಿ. ಅದರ ಬಳಿಯೇ 'ಸ್ಕಿಪ್ ಡಿಲೇ' ಇದೆ, ಒಂದು ಒತ್ತಿನಿಂದ ಮತ್ತೊಂದಕ್ಕೆ ಕೋಡಿ ಎಷ್ಟು ಹೊತ್ತು ಕಾಯಬೇಕು ಎಂಬುದು. ಮೊದಲೇ ಇಟ್ಟಿರುವುದು ಒಂದು ಸೆಕೆಂಡಿಗೂ ಕಡಿಮೆ. ನಿಧಾನದ ಬೆರಳಿಗೆ ಅದು ಸಾಲದು. ಹೆಚ್ಚಿಸಿ ಕೊಡಿ. ಈ ಒಂದು ಬದಲಾವಣೆಯಿಂದ ಅವರ ತಾಳ್ಮೆ ಎಷ್ಟು ಉಳಿಯುತ್ತದೆ ಎಂದು ನೀವೇ ನೋಡುವಿರಿ.

ಅವರಿಗೆ ಇಷ್ಟವಾದ ವೇಷದ ಪ್ರವೇಶ, ಭಾಗವತರ ಒಂದು ಪದ್ಯ ಎಂದೆಲ್ಲ ಇರುತ್ತದಲ್ಲ, ಅಲ್ಲೆಲ್ಲ ನೀವು ಗುರುತು, ಅಂದರೆ ಬುಕ್‌ಮಾರ್ಕ್ ಹಾಕಿಡಿ. ಕೀಬೋರ್ಡ್ ಜೋಡಿಸಿ, ಆ ಜಾಗದಲ್ಲಿ ಬಿ ಅಕ್ಷರ ಒತ್ತಿದರೆ ಬುಕ್‌ಮಾರ್ಕಿನ ಕಿಟಕಿ ತೆರೆಯುತ್ತದೆ. ನಿಲ್ಲಿಸಿದಲ್ಲಿಂದ ಮುಂದುವರಿಸಲೇ ಎಂದು ಕೋಡಿ ತಾನಾಗಿ ಕೇಳುತ್ತದೆ ನಿಜ, ಆದರೆ ವಿಡಿಯೊವನ್ನು ಸರಿಯಾಗಿ ನಿಲ್ಲಿಸಿದಾಗ ಮಾತ್ರ. ಆಟಿ ತಿಂಗಳ ಮಳೆಯಲ್ಲಿ ಕರೆಂಟ್ ಪಕ್ಕನೆ ಹೋದರೆ ಆ ನೆನಪನ್ನು ನಂಬಬೇಡಿ. ಹಾಕಿಟ್ಟ ಬುಕ್‌ಮಾರ್ಕ್ ಉಳಿಯುತ್ತದೆ.

ವಯರ್ ಕಾಲಿಗೆ ಸಿಕ್ಕುತ್ತದೆ, ಬ್ಲೂಟೂತಿನದ್ದು ತರಲೇ ಎಂದು ಮಗ ಕೇಳಬಹುದು. ಬೇಡ ಎನ್ನಿ. ಹಿರಿಯರು ಒಬ್ಬರೇ ಇರುವ ಹೊತ್ತಿಗೆ ಚಾರ್ಜು ಮುಗಿಯದ್ದು, ಕಳಚಿಕೊಳ್ಳದ್ದು ವಯರ್ ಒಂದೇ. ಗೋಡೆಯ ಬದಿಯಿಂದ ತಂದು ಟೇಪು ಹಚ್ಚಿದರಾಯಿತು.

ಪ್ರಶ್ನೆ: ಕೋಡಿಗೆ ಪಿಎಸ್4 (ಪ್ಲೇಸ್ಟೇಷನ್ 4) ಕಂಟ್ರೋಲರನ್ನು ಬ್ಲೂಟೂತಿನಲ್ಲಿ ಜೋಡಿಸಿದ್ದೇನೆ. ಚೆನ್ನಾಗಿದೆ, ಆದರೆ ಮರುದಿನ ನೋಡಿದರೆ ಚಾರ್ಜ್ ಖಾಲಿ.
– ಓದುಗರೊಬ್ಬರು, ಸುರತ್ಕಲ್

ಉತ್ತರ: ಟಿವಿ ಆರಿಸಿದ ಮೇಲೂ ಅದು ಕೋಡಿ ಇರುವ ಪೆಟ್ಟಿಗೆಗೆ ಅಂಟಿಕೊಂಡೇ ಇರುತ್ತದೆ, ನೆತ್ತಿಯ ದೀಪವೂ ಉರಿಯುತ್ತಿರುತ್ತದೆ. ಒಳಗಿನ ಬ್ಯಾಟರಿ 1000 ಎಂಎಎಚ್ ಮಾತ್ರ. ನೋಡಿ ಮುಗಿಸಿ ಏಳುವ ಮೊದಲು ನಡುವಿನ ಪಿಎಸ್ ಗುಂಡಿಯನ್ನು ಸುಮಾರು 10 ಸೆಕೆಂಡ್ ಒತ್ತಿ ಹಿಡಿಯಿರಿ, ಆರುತ್ತದೆ. ಎಕ್ಸ್‌ಬಾಕ್ಸಿನ ವೈರ್‌ಲೆಸ್ ಕಂಟ್ರೋಲರ್ ಇದಕ್ಕೆ ವಿರುದ್ಧ, 15 ನಿಮಿಷ ಮುಟ್ಟದಿದ್ದರೆ ತಾನೇ ಮಲಗುತ್ತದೆ. ಸಿನಿಮಾದ ನಡುವೆ ತಡೆಯಬೇಕೆಂದರೆ ಅದನ್ನು ಮೊದಲು ಎಬ್ಬಿಸಬೇಕು.

ಪ್ರಶ್ನೆ: ಕಂಟ್ರೋಲರ್ ಮುಟ್ಟದಿದ್ದರೂ ಕೋಡಿಯ ಮೆನು ತಾನಾಗಿ ಕೆಳಗೆ ಓಡುತ್ತದೆ.
– ಓದುಗರೊಬ್ಬರು, ಬಿಜೈ, ಮಂಗಳೂರು

ಉತ್ತರ: ಹೆಬ್ಬೆರಳಿನ ಕಡ್ಡಿ ನಡುವಿಗೆ ಸರಿಯಾಗಿ ಬಂದು ನಿಲ್ಲುತ್ತಿಲ್ಲ. ಸಾಮಾನ್ಯ ಕಂಟ್ರೋಲರಿನಲ್ಲಿ ಕಡ್ಡಿಯ ಕೆಳಗೆ ಅದು ಎಷ್ಟು ವಾಲಿದೆ ಎಂದು ಅಳೆಯುವ ಪೊಟೆನ್ಶಿಯೊಮೀಟರ್ ಇರುತ್ತದೆ, ಉಜ್ಜಿ ಉಜ್ಜಿ ಸವೆಯುತ್ತದೆ, ಧೂಳು ಕೂರುತ್ತದೆ. ಕೋಡಿಯ ಇನ್‌ಪುಟ್ ಭಾಗದಲ್ಲಿ ಪೆರಿಫೆರಲ್ಸ್ ಒಳಗೆ ನಿಮ್ಮ ಕಂಟ್ರೋಲರನ್ನು ಆರಿಸಿ, ಕಡ್ಡಿ ಸ್ವಲ್ಪ ಅಲುಗಿದರೆ ಕೋಡಿ ಲೆಕ್ಕಿಸದಿರುವ ಮಿತಿ, ಅಂದರೆ ಆ ಕಡ್ಡಿಯ 'ಡೆಡ್‌ಝೋನ್' ಸ್ವಲ್ಪ ಹೆಚ್ಚಿಸಿ. ನಿಲ್ಲದಿದ್ದರೆ ಕಡ್ಡಿಯನ್ನು ಕೋಡಿಗೆ ಕಲಿಸಲೇಬೇಡಿ, ದಿಕ್ಕಿನ ಗುಂಡಿಗಳಿಂದಲೇ ನಡೆಸಿ. ಹೊಸದು ಕೊಳ್ಳುವುದಾದರೆ ಕಡ್ಡಿಯಲ್ಲಿ ಹಾಲ್ ಸೆನ್ಸರ್ ಇರುವುದನ್ನು ಕೇಳಿ. ಅದು ಅಯಸ್ಕಾಂತದಿಂದ ಅಳೆಯುತ್ತದೆ, ಒಂದಕ್ಕೊಂದು ಉಜ್ಜುವುದಿಲ್ಲ.